ಕೊಂಬೆ ಮುರಿದ ಕೈ

ನ್ಯಮಸಂಗಾ
11 ಫೆಬ್ರವರಿ 1996

ಅಕ್ಕನ ಮಗಳು ರೇವಾಯಿಗೆ,

ನೀನು ಕಳಿಸಿದ ಕಂಬಳಿಯನ್ನು ಬಸ್ ಕಂಡಕ್ಟರ್ ಲವ್‌ಮೋರ್ ತಂದುಕೊಟ್ಟ. ನಿನ್ನ ಅತ್ತೆ ಅದನ್ನು ನನಗೆ ಮುಟ್ಟಲೂ ಕೊಟ್ಟಿಲ್ಲ. "ಹುಡುಗಿ ಬುಲವಾಯೊದಿಂದ ನನಗೆ ಅಂತ ಕಳ್ಸಿರೋದು, ನಿಂಗಲ್ಲ" ಎನ್ನುತ್ತಾಳೆ. ಮಳೆ ಚೆನ್ನಾಗಿದೆ. ಮೆಕ್ಕೆಜೋಳ ಆಳೆತ್ತರ ಬಂದಿದೆ. ಬಬೂನುಗಳ ಕಾಟ ಮಾತ್ರ ತಪ್ಪಿಲ್ಲ. ಅತ್ತೆ ದಿನವಿಡೀ ತಗಡು ಬಡಿದುಕೊಂಡು ಹೊಲದಲ್ಲೇ ಇರುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ನನಗೆ ಕೆಲವು ತಿಂಗಳಿಂದ ನಿದ್ದೆ ಇಲ್ಲ. ನಾಟಿ ವೈದ್ಯನನ್ನು ಕೇಳಿದೆ. ದೊಡ್ಡ ಮುಹಾಚಾ ಮರದ ಒಂದು ಕೊಂಬೆ ತಲೆದೆಸೆಯಲ್ಲಿ ಇರಬೇಕು, ಮರದಡಿಯ ಹಿರಿಯರು ಆಗ ಸಮಾಧಾನಗೊಳ್ಳುತ್ತಾರೆ ಎಂದ. ನಮ್ಮ ಕುಲದವರು ಆ ಕಾಡಿನಲ್ಲಿ ಒಂದು ಕಡ್ಡಿಯನ್ನೂ ಮುರಿಯುವಂತಿಲ್ಲ, ಅದು ನಿನಗೆ ಗೊತ್ತಿದೆ. ಮುರಿಯಬೇಕಾದರೆ ಮನೆಯ ಹೆಣ್ಣುಮಗಳ ಮಕ್ಕಳೇ ಬರಬೇಕು. ಅಕ್ಕನಿಗೆ ಇರುವವಳು ನೀನೊಬ್ಬಳೇ.

ಈಸ್ಟರ್ ರಜೆಗೆ ಬಾ. ಕತ್ತಿ ಮುಟ್ಟಿಸದೆ ಕೈಯಲ್ಲೇ ಮುರಿದು, ಹಳ್ಳ ದಾಟಿಸಿ ನಮ್ಮ ಅಂಗಳಕ್ಕೆ ತಂದುಕೊಡು. ಅಷ್ಟೇ ಕೆಲಸ. ಕೋಳಿ ಕೊಯ್ಯುತ್ತೇನೆ.

ಮರ ಕೊಯ್ಯುವ ಕಂಪನಿಯ ಟೋಪಿಯವನು ಮತ್ತೆ ಬಂದಿದ್ದ. ಮಹೇವು ಅಂಬಲಿ ಕುಡಿದು ಹೋದ. ನೀನು ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ.

ನಿನ್ನ ಮಾವ,
ತರುವಿಂಗ


ಬುಲವಾಯೊ
3 ಮಾರ್ಚ್ 1996

ಮಂಗನ ಕುಲದ ಮಾವನಿಗೆ,

ನಿದ್ದೆ ಬರುವುದಿಲ್ಲವಂತೆ! ಹಗಲಿಡೀ ಗೋಡೆಗೊರಗಿ ಗೊರಕೆ ಹೊಡೆಯುವವನಿಗೆ ರಾತ್ರಿ ಎಲ್ಲಿಂದ ನಿದ್ದೆ ಬರಬೇಕು? ಬಬೂನುಗಳನ್ನು ಬೈಯುವುದನ್ನೂ ಬಿಡು. ನಿನ್ನ ಕುಲವೇ ಕೋತಿ ಕುಲ. ನೆಂಟರು ಬಂದರೆ ಊಟಕ್ಕಿಟ್ಟು ಕಳಿಸುವುದು ಮರ್ಯಾದೆ.

ಹೋದ ವರ್ಷ ಜೋಕೋನಿಯಾನ ಮದುವೆಯಲ್ಲಿ ಇಡೀ ಊರಿನ ಎದುರು ನಿನ್ನನ್ನು "ಆಡಿನ ತೊಡೆ ಕದ್ದ ಕಳ್ಳ" ಎಂದು ಕೂಗಿದ್ದೆನಲ್ಲ, ಪಕ್ಕದ ಊರಿನವರು ಇನ್ನೂ ಅದನ್ನು ಹೇಳಿಕೊಂಡು ನಗುತ್ತಾರಂತೆ. ಜೋಕೋನಿಯಾ ನಿನ್ನ ಸ್ವಂತ ಮಗ, ಆದರೂ ಅವನು ಹಾಗೆ ಅಂದಿದ್ದರೆ ನೀನು ದೊಣ್ಣೆ ತೆಗೆಯುತ್ತಿದ್ದೆ. ಅಕ್ಕನ ಮಗಳು ನಾನು, ಏನು ಅಂದರೂ ನೀನು ನಗಲೇಬೇಕು. ಇದಕ್ಕಿಂತ ದೊಡ್ಡ ಆಸ್ತಿ ಅಮ್ಮ ನನಗೆ ಬಿಟ್ಟು ಹೋಗಿಲ್ಲ.

ಬರುತ್ತೇನೆ. ಶಾಲೆ ಸಮವಸ್ತ್ರ ಹೊಲಿಯುವ ಕೆಲಸ ಈಗ ಕುತ್ತಿಗೆವರೆಗೆ ಇದೆ, ಆದರೂ ಬರುತ್ತೇನೆ. ನೀನು ಕರೆದಾಗ ಯಾವತ್ತು ಬಂದಿಲ್ಲ?

ಟೋಪಿಯವನನ್ನು ಮಹೇವು ಕುಡಿಸಿ ಅಟ್ಟಿದ್ದು ಕೇಳಿ ಖುಷಿಯಾಯಿತು. ಅಪ್ಪ ಸತ್ತ ಮೇಲೆ ಅಮ್ಮನನ್ನೂ ನನ್ನನ್ನೂ ಕರೆತಂದು ಸಾಕಿದವನು ನೀನು. ಅವಳನ್ನು ಆ ಕಾಡಿನ ಅಂಚಿನಲ್ಲಿ, ಕೆಂಪು ಮಹಾಗನಿ ಮರದ ಕೆಳಗೆ ಮಲಗಿಸಿದವನೂ ನೀನೇ. ಆ ಮರ ನಿಂತಿರುವವರೆಗೆ ನನಗೂ ಒಂದು ಊರಿದೆ ಎಂದುಕೊಂಡು ನಾನು ಈ ಪಟ್ಟಣದಲ್ಲಿ ಬಾಡಿಗೆ ಕೋಣೆಯಲ್ಲಿ ನೆಮ್ಮದಿಯಾಗಿದ್ದೇನೆ. ನೀನು ಇರುವಾಗ ಅಲ್ಲಿಗೆ ಗರಗಸ ಬರುವುದಿಲ್ಲ, ಅದು ನನಗೆ ಗೊತ್ತು.

ಕೋಳಿ ಮುದುಕಿಯಾಗಿರಬಾರದು. ಹೋದ ಸಲದ್ದು ಚಪ್ಪಲಿಯಂತಿತ್ತು.

ರೇವಾಯಿ


ಬುಲವಾಯೊ
14 ಏಪ್ರಿಲ್ 1996

ಮಾವ,

ಸುಖವಾಗಿ ಬಂದು ಸೇರಿದೆ. ಅತ್ತೆ ಕಟ್ಟಿಕೊಟ್ಟ ಶೇಂಗಾ ದಾರಿಯಲ್ಲೇ ಖಾಲಿ.

ಈಗ ನಿದ್ದೆ ಬರುತ್ತಿದೆಯೇ? ಅದನ್ನು ಮೊದಲು ಬರೆ.

ಆ ದಿನ ನನ್ನ ಮನಸ್ಸಿನಿಂದ ಹೋಗಿಲ್ಲ. ಕಾಡಿನ ಬಾಯಲ್ಲಿ ಚಪ್ಪಲಿ ಬಿಟ್ಟು ನಡೆಯುವಾಗ ನೀನು ಹಿಂದಿನಿಂದ, "ಏಯ್, ತಲೆ ಮೇಲಿನ ಕೆಂಪು ಬಟ್ಟೆ ತೆಗಿ! ಒಳಗಿರೋರು ಹೆದರ್ತಾರೆ" ಎಂದು ಕೂಗಿದೆ. ನಾನು, "ನಿನ್ನ ಮುಖ ನೋಡಿ ಹೆದರದೇ ಇರೋರು ಬಟ್ಟೆಗೆ ಹೆದರ್ತಾರಾ?" ಎಂದೆ. ಆದರೆ ಮರದ ಕೆಳಗೆ ಮಂಡಿಯೂರಿ ಚಪ್ಪಾಳೆ ತಟ್ಟಿ, ನಶ್ಯ ಇಟ್ಟು, "ನಾನು ನಿಮ್ಮ ಮಗಳ ಮಗಳು, ಮಾವನಿಗಾಗಿ ಬಂದಿದ್ದೇನೆ" ಎಂದು ಹೇಳುವಾಗ ನನ್ನ ತಮಾಷೆಯೆಲ್ಲ ಮರೆತುಹೋಯಿತು. ಕೊಂಬೆ ಮುರಿಯಿತು, ಅಷ್ಟು ಸುಲಭವಾಗಿ ಮುರಿಯುತ್ತದೆಂದು ನಾನು ಎಣಿಸಿರಲಿಲ್ಲ.

ಒಂದೆರಡು ಮಾತು ಕೇಳಬೇಕು. ಹಳ್ಳದ ಆಚೆ ದಡದಲ್ಲಿ ಊರ ಮುಖಂಡ ಚಿಸಂಗಾ ಆ ಟೋಪಿಯವನ ಜೊತೆ ಯಾಕೆ ಕೂತಿದ್ದ? ಕೇಳಿದರೆ ನೀನು, "ಪೂಜೆ ನೋಡೋಕ್ ಬಂದವ್ರೆ" ಎಂದೆ. ನಾನು ನೀರು ದಾಟಿದ ಕೂಡಲೇ ಇಬ್ಬರೂ ಎದ್ದು ಕೈ ಕುಲುಕಿಕೊಂಡರು. ನಿನಗೆ ಗುಣವಾಗಲಿ ಎಂದು ಇರಬೇಕು, ಅಲ್ಲವೇ?

ಇನ್ನು ಚೆನೆಸಾಯಿ ಅಜ್ಜಿ. ಮಳೆ ಪೂಜೆಗೆ ರಾಗಿ ಬೀರು ಕುದಿಸುವವಳು, ಅಮ್ಮನ ಗೆಳತಿ. ದೂರದಿಂದಲೇ ಕೇಳಿದಳು, "ರೇವಾಯಿ, ಯಾರು ಹೇಳಿದ್ರೇ ನಿಂಗೆ?" "ಮಾವ ಹೇಳಿದ ಅಜ್ಜೀ" ಎಂದೆ. ಸೊಂಟದ ನಶ್ಯದ ಡಬ್ಬಿಯನ್ನು ನೆಲಕ್ಕೆ ಸುರುವಿ ತಿರುಗಿ ನೋಡದೆ ಹೋದಳು. ವಯಸ್ಸಾಯಿತು, ಪಾಪ, ಅರಳುಮರಳು.

ಮರುದಿನ ಬೆಳಿಗ್ಗೆ ಕೊಂಬೆ ಅಂಗಳದಲ್ಲೇ ಬಿದ್ದಿತ್ತು, ಆಡು ಎಲೆ ತಿನ್ನುತ್ತಿತ್ತು. ನಾನು ಗದರಿದರೆ ನೀನು, "ಎಲೆ ಬೇಡ, ಕಡ್ಡಿ ಇದ್ರೆ ಸಾಕು" ಎಂದೆ. ತಲೆದೆಸೆಯಲ್ಲಿ ಇಟ್ಟುಕೊಂಡೆಯಾ? ಸೋಮಾರಿತನ ಮಾಡಬೇಡ, ಮಂಗಣ್ಣ.

ರೇವಾಯಿ


ನ್ಯಮಸಂಗಾ
20 ಮೇ 1996

ರೇವಾಯಿಗೆ,

ಪತ್ರ ತಲುಪಿತು. ನಿದ್ದೆ ಬರುತ್ತಿದೆ. ಕೊಯ್ಲು ಮುಗಿಯುತ್ತಾ ಬಂತು, ಅದಕ್ಕೇ ಬರೆಯಲು ತಡವಾಯಿತು. ಜೋಕೋನಿಯಾನಿಗೆ ಟ್ರ್ಯಾಕ್ಟರ್ ಓಡಿಸುವ ಕೆಲಸ ಸಿಕ್ಕಿದೆ. ಊಟ, ಇರಲು ಕೋಣೆ, ಎಲ್ಲ ಕೊಡುತ್ತಾರೆ. ಅವನ ಹೆಂಡತಿಗೆ ಈಗ ತಿಂಗಳು ತುಂಬಿದೆ.

ಈ ಸಲ ಆಗಸ್ಟ್ ರಜೆಗೆ ಬರುವುದು ಬೇಡ. ದಾರಿ ಹಾಳಾಗಿದೆ. ದೊಡ್ಡ ಲಾರಿಗಳು ಓಡಾಡಿ ಗುಂಡಿ ಬಿದ್ದಿದೆ. ಮುಂದಿನ ಮಳೆಗಾಲ ಕಳೆಯಲಿ, ನೋಡೋಣ.

ತರುವಿಂಗ


ಬುಲವಾಯೊ
9 ಜೂನ್ 1996

ಮಾವ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡ.

ನಿನ್ನೆ ಬಸ್ ನಿಲ್ದಾಣದಲ್ಲಿ ಲವ್‌ಮೋರ್ ಸಿಕ್ಕಿದ. ದೂರದಿಂದಲೇ ಹಲ್ಲು ಕಿರಿದು ಓಡಿಬಂದ.

"ಅಕ್ಕಾ, ನಿನ್ ಕೈಗುಣ ನೋಡು! ನಮ್ಮ ತಮ್ಮಂಗೂ ಅಲ್ಲೇ ಕೆಲ್ಸ ಆಯ್ತು."

"ಎಲ್ಲೋ?"

"ಅಯ್ಯೋ, ಕಾಡಲ್ಲಿ! ನೀನೇ ತಾನೆ ಬಾಗ್ಲು ತೆಗ್ದಿದ್ದು? ಹೆಣ್ಮಗಳ ಕುಡಿ ಕೊಂಬೆ ಮುರ್ದು ಹಳ್ಳ ದಾಟ್ಸಿದ್ರೆ ಹಿರಿಯರು ಕಾಡು ಬಿಟ್ಟುಕೊಟ್ಟಂಗೆ ಅಂತಲ್ವಾ? ಮೇಯಿಂದ ಕುಯ್ತಾವ್ರೆ. ಹಳ್ಳದ ಕಡೆ ಅರ್ಧ ಬಯಲಾಯ್ತು."

ಬಸ್ಸಿನ ಹಾರ್ನ್ ಹೊಡೆದರು, ಅವನು ಹತ್ತಿ ಹೋದ. ಹೋಗುವಾಗ ಚಪ್ಪಾಳೆ ತಟ್ಟಿ ಕೈ ಮುಗಿದ. ನಾನು ಅಲ್ಲೇ ಜನರ ಗಂಟುಮೂಟೆಗಳ ನಡುವೆ ಕೂತೆ.

ಆಗ ನೆನಪಾಯಿತು. ಅಮ್ಮ ಮದ್ದಿಗೆ ಉದುರಿದ ಎಲೆ ಆಯ್ದರೂ ಹಳ್ಳದ ಒಳಬದಿಯಲ್ಲೇ ಕುದಿಸಿ ಕುಡಿಸುತ್ತಿದ್ದಳು. ಒಂದು ಎಲೆಯನ್ನೂ ಈಚೆ ತಂದವಳಲ್ಲ. ಯಾಕೆಂದು ಕೇಳಬೇಕೆಂದು ನನಗೆ ಆಗ ತೋಚಲಿಲ್ಲ.

ಮಾವ, ನಿನಗೆ ಮೋಸ ಮಾಡಿದ್ದಾರೆ! ನಿನ್ನ ಕಾಯಿಲೆಯನ್ನು ಆ ಚಿಸಂಗಾ ಬಳಸಿಕೊಂಡಿದ್ದಾನೆ. ನಾಟಿ ವೈದ್ಯನಿಗೂ ತಿನ್ನಿಸಿ ನಿನ್ನ ತಲೆಗೆ ಇದನ್ನು ತುಂಬಿಸಿದ್ದಾನೆ. ಅದಕ್ಕೇ ಅಲ್ಲವೇ ಆಚೆ ದಡದಲ್ಲಿ ಸಾಕ್ಷಿ ಕೂತಂತೆ ಕೂತಿದ್ದದ್ದು? ನೀನು ನನಗೆ ಹೇಳಿಕೊಳ್ಳಲಾಗದೆ ಒಳಗೊಳಗೇ ನೊಂದಿದ್ದೀಯ, ಅದಕ್ಕೇ ನಿನ್ನ ಪತ್ರ ಅಷ್ಟು ಚಿಕ್ಕದು. ನನಗೆ ಈಗ ಅರ್ಥವಾಯಿತು.

ನೀನು ಕುಗ್ಗಬೇಡ. ಊರ ಸಭೆಗೆ ದೂರು ಕೊಡು. ಮದ್ದಿಗಾಗಿ ಮುರಿದದ್ದು, ಕಾಡು ಬಿಟ್ಟುಕೊಡುವುದಕ್ಕಲ್ಲ ಎಂದು ನಾನು ಬಂದು ಹೇಳುತ್ತೇನೆ. ನನ್ನ ಕೈಯಿಂದ ಆದದ್ದು, ನನ್ನ ಬಾಯಿಂದಲೇ ರದ್ದಾಗಲಿ. ಅಮ್ಮನ ಮರ ಇನ್ನೂ ಇದೆಯಲ್ಲ? ಅದೊಂದನ್ನು ಕೂಡಲೇ ಬರೆ.

ರೇವಾಯಿ


ನ್ಯಮಸಂಗಾ
23 ಜೂನ್ 1996

ರೇವಾಯಿಗೆ,

ಲವ್‌ಮೋರನ ಬಾಯಿ ಬಸ್ಸಿಗಿಂತ ದೊಡ್ಡದು. ಅವನು ಹೇಳಿದ್ದನ್ನೆಲ್ಲ ನಂಬಬೇಡ. ಸ್ವಲ್ಪ ಮರ ಕಡಿದಿದ್ದಾರೆ, ನಿಜ. ಕಾಲ ಹಾಗಿದೆ. ಮುಖಂಡರ ಮೇಲೆ ಕೋಪ ಮಾಡಿಕೊಂಡು ನಾವು ಇಲ್ಲಿ ಬಾಳುವುದು ಹೇಗೆ?

ನೀನು ಸಭೆಗೆ ಬರುವುದು ಬೇಡ. ಚಳಿ ಜೋರಾಗಿದೆ. ನಿನ್ನಮ್ಮನ ಮರದ ವಿಷಯ ಮಾತಾಡಿದ್ದೇನೆ. ಗಂಡಸರ ಮಾತು, ನಾನು ನೋಡಿಕೊಳ್ಳುತ್ತೇನೆ.

ಜೋಕೋನಿಯಾನಿಗೆ ಗಂಡು ಮಗು. ಅತ್ತೆ ಶೇಂಗಾ ಕಳಿಸಿದ್ದಾಳೆ.

ತರುವಿಂಗ


ಬುಲವಾಯೊ
15 ಜುಲೈ 1996

ತರುವಿಂಗ ಮಾವ,

ಶನಿವಾರ ಊರ ಸಭೆಯಿಂದ ನಾನು ಯಾವಾಗ ಹೊರಟೆ ಎಂದು ನೀನು ನೋಡಲಿಲ್ಲ. ನೀನು ಆಗಿನ್ನೂ ಬೀರಿನ ಸೋರೆಬುರುಡೆ ಹಿಡಿದು ಕೂತಿದ್ದೆ.

ಹೇಳದೇ ಬಂದೆ, ಯಾಕೆಂದರೆ ಹೇಳಿದ್ದರೆ ನೀನು ಬೇಡವೆನ್ನುತ್ತಿದ್ದೆ. ಬಸ್ಸಿಳಿದು ನೇರ ಅಮ್ಮನ ಹತ್ತಿರ ಹೋದೆ. ದಾರಿ ತಪ್ಪಿದೆ ಮಾವ. ನಾನು ಆಡಿ ಬೆಳೆದ ಜಾಗದಲ್ಲಿ ದಾರಿ ತಪ್ಪಿದೆ. ಗುರುತು ಇಡಲು ಒಂದು ಮರ ಉಳಿದಿರಲಿಲ್ಲ. ಕೊನೆಗೆ ಚೆನೆಸಾಯಿ ಅಜ್ಜಿಯೇ ಬಂದು ನನ್ನ ಕೈ ಹಿಡಿದು ತೋರಿಸಿದಳು. ಅಮ್ಮನ ತಲೆಯ ಹತ್ತಿರ ಕೆಂಪು ಬುಡವಿದೆ, ಒಂದು ಚಾಪೆಯಷ್ಟು ಅಗಲ. ಗೋರಿಯ ಕಲ್ಲುಗಳ ಮೇಲೆ ಟ್ರ್ಯಾಕ್ಟರ್ ಚಕ್ರದ ಗುರುತಿದೆ.

"ಅದನ್ನ ಎಳ್ಕೊಂಡು ಹೋಗಿದ್ದು ಯಾರು ಅಜ್ಜೀ?" ಎಂದೆ.

"ನಿಮ್ಮ ಜೋಕೋನಿಯಾ. ಹೆಂಗೆ ಎಳ್ಯೋದು ಅಂತ ಅವರಪ್ಪ ಪಕ್ಕದಲ್ಲೇ ನಿಂತು ಹೇಳ್ಕೊಡ್ತಿದ್ದ. ನಿಂಗೆ ನಿಜವಾಗ್ಲೂ ಗೊತ್ತಿರ್ಲಿಲ್ವೇನೇ? ಮಗನ ಕೆಲ್ಸಕ್ಕೆ ಅಂತ ಮಾವನೇ ಚಿಸಂಗಾನ ಮನೆಗೆ ಹೋಗಿ, 'ಕಾಡು ತೆಗೆಸೋ ಕೈ ನಮ್ಮನೇಲೈತೆ' ಅಂದಿದ್ದು."

ನಾನು ಅವಳಿಗೆ, ನೀನು ಸುಳ್ಳು ಹೇಳುತ್ತೀ ಎಂದೆ. ಬುಡದ ಮುಂದೆ ನಿಂತುಕೊಂಡೂ ಹಾಗೆಂದೆ. ಅಷ್ಟು ನಂಬಿದ್ದೆ ನಿನ್ನನ್ನು.

ಸಭೆಗೆ ಬಂದೆ. ಮಂಡಿಯೂರಿ ಚಪ್ಪಾಳೆ ತಟ್ಟಿ ಅಪ್ಪಣೆ ಕೇಳಿದೆ. ಚಿಸಂಗಾ, "ಮಾತಾಡವ್ವ" ಎಂದ. ನಾನು ಎದ್ದು ನಿಂತು ನಿನ್ನತ್ತ ಬೆರಳು ತೋರಿಸಿ ಹೇಳಿದೆ, "ಈ ಮನುಷ್ಯ ಸುಳ್ಳ. ಕಾಯಿಲೆ ಅಂತ ಹೇಳಿ ನನ್ನ ಕೈಯಲ್ಲಿ ಕಾಡು ಮುರಿಸ್ದ. ಸ್ವಂತ ಅಕ್ಕನ ಗೋರಿ ಮೇಲೆ ಟ್ರ್ಯಾಕ್ಟರ್ ಹತ್ತಿಸ್ದ. ಕಳ್ಳ!"

ಅವರೆಲ್ಲ ನಕ್ಕರು.

ಮೊದಲು ಯಾರೋ ಹಿಂದಿನಿಂದ, "ಶುರುವಾಯ್ತಪ್ಪ ಅಕ್ಕನ ಮಗಳ ಪೂಜೆ!" ಎಂದರು. ಹೆಂಗಸರು ಖುಷಿಯಿಂದ ನಾಲಿಗೆ ಆಡಿಸಿ ಉಲುಲು ಕೂಗು ಹಾಕಿದರು. "ಇನ್ನೂ ಬೈಯೇ, ಇನ್ನೂ ಬೈಯಿ! ಆಡಿನ ತೊಡೆ ಕದ್ದಿದ್ದೂ ಸೇರ್ಸು!" ಎಂದು ಕೂಗಿದರು. ಚಿಸಂಗಾ ನಕ್ಕು ನಕ್ಕು ಕಣ್ಣೊರೆಸಿಕೊಂಡ. "ತಮಾಷೆ ಅಲ್ಲ! ನಾನು ತಮಾಷೆ ಮಾಡ್ತಿಲ್ಲ!" ಎಂದು ಕಿರುಚಿದೆ. ಇನ್ನೂ ಜೋರಾಗಿ ನಕ್ಕರು. ಅತ್ತುಬಿಟ್ಟೆ ಮಾವ, ಅಷ್ಟು ಜನರ ಎದುರು. ಅದನ್ನೂ ನಟನೆ ಎಂದುಕೊಂಡು ಯಾರೋ ನನ್ನ ಕೈಗೆ ಬೀರಿನ ಬುರುಡೆ ಕೊಟ್ಟರು.

ಅವರ ಮೇಲೆ ನನಗೆ ಕೋಪವಿಲ್ಲ. ಚಿಕ್ಕಂದಿನಿಂದಲೂ ನಾನು ನಿನ್ನನ್ನು ಬೈಯುವುದನ್ನೇ ಕೇಳಿದವರು ಅವರು. ಆದರೆ ಅಲ್ಲಿದ್ದವರಲ್ಲಿ ನಾನು ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಿದ್ದವನು ನೀನೊಬ್ಬ. ಕೈ ಎತ್ತಿ, "ನಗಬೇಡ್ರಪ್ಪ, ಅವಳು ಹೇಳ್ತಿರೋದು ನಿಜ" ಅಂದಿದ್ದರೆ ಸಾಕಿತ್ತು. ಅದೂ ಬೇಡ, ಸುಮ್ಮನೆ ತಲೆ ತಗ್ಗಿಸಿದ್ದರೂ ಸಾಕಿತ್ತು. ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆ. ನೀನು ತೊಡೆ ತಟ್ಟಿ ನಕ್ಕೆ. "ನೋಡ್ರಪ್ಪಾ, ಹೆಂಗೆ ಬೈತಾಳೆ! ನಮ್ಮಕ್ಕನ ಮಗಳು ಅಂದ್ರೆ ಇವಳು!" ಎಂದೆ.

ಕಾಡು ಕಡಿಸಿದ್ದನ್ನು ಮಗನ ಸಂಕಟ ಎಂದುಕೊಂಡು ಒಂದು ದಿನ ನುಂಗಿಕೊಳ್ಳುತ್ತಿದ್ದೆನೇನೋ. ಅಮ್ಮನ ಮರವನ್ನೂ, ಗೊತ್ತಿಲ್ಲ, ವರ್ಷಗಳು ಕಳೆದರೆ ನುಂಗುತ್ತಿದ್ದೆನೇನೋ. ಆ ನಗುವನ್ನು ಏನು ಮಾಡಲಿ? ಅದು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿದೆ.

ರೇವಾಯಿ


ನ್ಯಮಸಂಗಾ
28 ಜುಲೈ 1996

ನನ್ನ ತಾಯಿ ರೇವಾಯಿಗೆ,

ನೀನು ಕೋಪದಲ್ಲಿ ಬರೆದದ್ದನ್ನು ನಿನ್ನ ಅತ್ತೆಗೆ ಓದಿ ಹೇಳಲಿಲ್ಲ.

ಮುಖಂಡ ಮೊದಲೇ ಮನಸ್ಸು ಮಾಡಿದ್ದ. ನಾನು ಬೇಡವೆಂದಿದ್ದರೆ ಬೇರೆ ಯಾರನ್ನಾದರೂ ಹಿಡಿಯುತ್ತಿದ್ದ. ಹೇಗೂ ಹೋಗುವ ಕಾಡು, ನಮ್ಮ ಹುಡುಗನಿಗಾದರೂ ಅನ್ನವಾಗಲಿ ಎಂದುಕೊಂಡೆ. ಅವನು ಮೂರು ವರ್ಷ ಕೆಲಸವಿಲ್ಲದೆ ಅಂಗಳದಲ್ಲಿ ಕೂತಿದ್ದನ್ನು ನೀನು ನೋಡಿಲ್ಲ, ನಾನು ದಿನಾ ನೋಡಿದೆ. ನಮ್ಮ ಕೈಯಿಂದ ಮುರಿದರೆ ಹಿರಿಯರ ಸಿಟ್ಟು ನಮ್ಮ ಮೊಮ್ಮಕ್ಕಳ ಮೇಲೆ ಬೀಳುತ್ತದೆ. ಹೆಣ್ಣುಮಗಳ ಮಕ್ಕಳು ಏನು ಮಾಡಿದರೂ ಹಿರಿಯರು ನಕ್ಕು ಬಿಡುತ್ತಾರೆ. ನಿನಗೆ ಏನೂ ತಗಲುವುದಿಲ್ಲ ಎಂದೇ ನಿನ್ನನ್ನು ಕರೆದದ್ದು. ಮೊದಲೇ ಹೇಳಿದ್ದರೆ ನೀನು ಬರುತ್ತಿದ್ದೆಯಾ?

ಸಭೆಯಲ್ಲಿ ನಾನು ಏನು ಮಾಡಬೇಕಿತ್ತು? ಎಲ್ಲರೂ ನಕ್ಕರು, ನನ್ನ ಬಾಯಿಯೂ ನಕ್ಕಿತು.

ಈಗ ಊರಿನಲ್ಲಿ ಎಲ್ಲರೂ ನಿನ್ನ ಮಾತನ್ನೇ ಹೇಳಿಕೊಂಡು ಸಂತೋಷಪಡುತ್ತಾರೆ. ಯಾರಿಗೂ ನಿನ್ನ ಮೇಲೆ ಬೇಸರವಿಲ್ಲ. ಮಗುವಿನ ಹೆಸರಿಡುವ ದಿನ ನೀನು ಬರಬೇಕು. ಎಳೆಯ ಕೋಳಿಯನ್ನೇ ಕೊಯ್ಯುತ್ತೇನೆ, ಚಪ್ಪಲಿಯಂಥದ್ದಲ್ಲ.

ನಿನ್ನ ಮಂಗಣ್ಣ,
ತರುವಿಂಗ


ನ್ಯಮಸಂಗಾ
25 ಆಗಸ್ಟ್ 1996

ರೇವಾಯಿ,

ಲವ್‌ಮೋರ್ ಬಂದಾಗಲೆಲ್ಲ ನಿನ್ನ ಪತ್ರ ಇದೆಯೇ ಎಂದು ಕೇಳುತ್ತೇನೆ. "ಏನೂ ಕೊಟ್ಟಿಲ್ಲ ತಾತ" ಎನ್ನುತ್ತಾನೆ. ಹೆಸರಿಡುವ ದಿನವೂ ಕಳೆಯಿತು. ಜನ, "ಬೈಯೋಳು ಎಲ್ಲಿ? ಅವಳಿಲ್ದೆ ಕಾರ್ಯ ಸಪ್ಪೆ" ಎಂದರು. ಅತ್ತೆ ಈಗ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಚೆನೆಸಾಯಿ ಅವಳಿಗೆ ಎಲ್ಲ ಹೇಳಿದ್ದಾಳೆ.

ಈಗ ನಿಜವಾಗಿಯೂ ನಿದ್ದೆ ಬರುತ್ತಿಲ್ಲ. ಗರಗಸದ ಸದ್ದು ನಿಂತ ಮೇಲೂ ಕಿವಿಯಲ್ಲಿ ಇರುತ್ತದೆ.

ನನ್ನನ್ನು ಬೈದು ಒಂದು ಸಾಲು ಬರೆ ತಾಯಿ. ಕಳ್ಳ ಎನ್ನು, ಮಂಗ ಎನ್ನು, ಬಾಯಿಗೆ ಬಂದದ್ದನ್ನು ಬರೆ. ಎಷ್ಟು ಕೆಟ್ಟದಾಗಿ ಬೈದರೂ ಸರಿ. ಓದಿಕೊಂಡು ಸಮಾಧಾನದಿಂದ ಇರುತ್ತೇನೆ.

ಮಾವ


ಬುಲವಾಯೊ
8 ಸೆಪ್ಟೆಂಬರ್ 1996

ಮಾನ್ಯ ತರುವಿಂಗ ಅವರಿಗೆ,

ತಮ್ಮ ಎರಡೂ ಪತ್ರಗಳು ತಲುಪಿವೆ. ಉತ್ತರಿಸಲು ತಡವಾದದ್ದಕ್ಕೆ ಕ್ಷಮೆ ಇರಲಿ. ತಾವೂ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ಮೊಮ್ಮಗನಿಗೆ ಆಯುಸ್ಸು ಆರೋಗ್ಯ ಸಿಗಲಿ.

ನನ್ನ ತಂದೆಯ ಕಡೆಯವರೊಂದಿಗೆ ಮಾತಾಡಿದ್ದೇನೆ. ತಾಯಿಯ ಗೋರಿಯ ಮಣ್ಣನ್ನು ತಂದೆಯ ಊರಿಗೆ ಒಯ್ದು, ತಂದೆಯ ಗೋರಿಯ ಪಕ್ಕದಲ್ಲಿ ಇಡಲು ಅವರು ಒಪ್ಪಿದ್ದಾರೆ. ಇದೇ ತಿಂಗಳು ಇಪ್ಪತ್ತೊಂದನೇ ತಾರೀಕು, ಶನಿವಾರ ನಾವು ಬರುತ್ತೇವೆ. ಮುಖಂಡರ ಅಪ್ಪಣೆಗೆ ಬೇರೆ ಪತ್ರ ಬರೆದಿದ್ದೇನೆ. ತಾವು ಅಲ್ಲಿ ಇರಲೇಬೇಕೆಂದಿಲ್ಲ. ಜಾಗವನ್ನು ಚೆನೆಸಾಯಿ ಅಜ್ಜಿ ತೋರಿಸುತ್ತಾರೆ.

ಬೈದು ಬರೆಯಬೇಕೆಂದು ತಾವು ಕೇಳಿದ್ದೀರಿ. ತಮ್ಮಂಥ ಹಿರಿಯರಿಗೆ ಹಾಗೆ ಬರೆಯುವ ಸಲುಗೆ ನನಗಿಲ್ಲ.

ನಮಗಾಗಿ ಕೋಳಿ ಕೊಯ್ಯುವುದಾಗಲಿ, ಊಟದ ಏರ್ಪಾಡಾಗಲಿ ಬೇಡ. ಬುತ್ತಿ ಕಟ್ಟಿಕೊಂಡು ಬರುತ್ತೇವೆ, ನೀರನ್ನೂ ತರುತ್ತೇವೆ.

ಗೌರವಪೂರ್ವಕ ವಂದನೆಗಳೊಂದಿಗೆ,
ರೇವಾಯಿ